ದೊಡ್ಡ ಉಂಗುರದ ಲೆಕ್ಕ ಶುರುವಾಗುವುದು ಅಂಗೈ ಕಡೆಯಿಂದ

ಪ್ರಶ್ನೆ: ಮೂರು ವರ್ಷದಿಂದ ಬೆಳ್ಳಿಯಲ್ಲಿ ಸಣ್ಣಪುಟ್ಟ ಉಂಗುರ ಮಾಡುತ್ತಿದ್ದೇನೆ. 3–4 ಮಿ.ಮೀ. ಅಗಲದ ಸಾದಾ ಉಂಗುರಗಳು ಚೆನ್ನಾಗಿಯೇ ಬರುತ್ತವೆ. ಈಗ ನನ್ನದೇ ಕಲ್ಪನೆಯ ದೊಡ್ಡದೊಂದಕ್ಕೆ ಕೈ ಹಾಕಿದೆ: 14 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಪಟ್ಟಿ, ಮೇಲೆ ಕಡೆಯದೆ ಬಿಟ್ಟ ಸ್ಫಟಿಕದ ತುಂಡು. ಅಳತೆ ಸರಿಯಾಗಿ ತೆಗೆದುಕೊಂಡಿದ್ದರೂ ಗೆಣ್ಣು ದಾಟಲಿಲ್ಲ. ಬಡಿದು ಹಿಗ್ಗಿಸಿದೆ, ಈಗ ಕಲ್ಲು ಪಕ್ಕದ ಬೆರಳಿನ ಕಡೆಗೆ ವಾಲಿಕೊಳ್ಳುತ್ತದೆ. ಎರಡನೆಯದರಲ್ಲಿ ಕಲ್ಲನ್ನು ಹಿಡಿದಿಡುವ ಕೊಕ್ಕೆ ಮಡಚುವಾಗ ಕಲ್ಲಿನ ಅಂಚು ಚಕ್ಕೆ ಎದ್ದಿತು. ಸ್ವತಂತ್ರ ವಿನ್ಯಾಸಕರು ಇದಕ್ಕಿಂತ ವಿಚಿತ್ರವಾದವನ್ನು ಮಾಡುತ್ತಾರಲ್ಲ, ಹೇಗೆ ನಿಭಾಯಿಸುತ್ತಾರೆ? ಅವರ ಕೆಲವು ಉಂಗುರಗಳಲ್ಲಿ ಕಾಣುವ ಗೆರೆಗೆರೆಯ ಒರಟು ಮೈ ಮನೆಯ ಮೇಜಿನ ಮೇಲೆ ಬರಿಸಲು ಸಾಧ್ಯವೇ?

ಉತ್ತರ: ನಿಮ್ಮ ಮೊದಲ ಎರಡು ತೊಂದರೆಗಳದ್ದು ಒಂದೇ ಬೇರು. ಉಂಗುರವನ್ನು ಮೇಲಿನಿಂದ ನೋಡಿ ಚಿತ್ರ ಬರೆದಿದ್ದೀರಿ, ಕೆಳಗಿನ ಅರ್ಧವನ್ನು ಪಟ್ಟಿ ತಾನಾಗಿಯೇ ನೋಡಿಕೊಳ್ಳಲಿ ಎಂದು ಬಿಟ್ಟಿದ್ದೀರಿ. 3 ಮಿ.ಮೀ. ಉಂಗುರದಲ್ಲಿ ಅದು ನಡೆಯುತ್ತದೆ. ಅಗಲ 8 ಮಿ.ಮೀ. ದಾಟಿತೋ, ಉಂಗುರ ನಿಲ್ಲುವುದು, ತಿರುಗುವುದು, ಬಿಗಿಯುವುದು ಎಲ್ಲವೂ ಅಂಗೈ ಕಡೆಯ ಭಾಗದಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ತಗಡು ಕತ್ತರಿಸುವ ಮೊದಲು ಮೂರು ಚಿತ್ರ ಬರೆದುಕೊಳ್ಳಿ: ಮೇಲಿನಿಂದ, ಪಕ್ಕದಿಂದ, ಅಂಗೈ ಕಡೆಯಿಂದ. ಮೂರನೆಯದನ್ನು ಬರೆಯಲು ಬೇಸರವಾಗುತ್ತದೆ, ನಿಜ. ಕೆಲಸಕ್ಕೆ ಬರುವುದು ಅದೇ.

ಅಳತೆಯ ವಿಷಯ

ದಾರ ಸುತ್ತಿ ಅಳೆದಿದ್ದರೆ ಆ ಅಳತೆಯನ್ನು ಮರೆತುಬಿಡಿ. ದಾರ ಮಾಂಸದೊಳಗೆ ಹೂತು ಒಂದೆರಡು ಮಿಲಿಮೀಟರ್ ಕಡಿಮೆ ತೋರಿಸುತ್ತದೆ. ಅಳತೆ ಬಳೆಗಳ, ಅಂದರೆ ಬೆರಳಿಗೆ ಹಾಕಿ ನೋಡುವ ಅಳತೆ ಉಂಗುರಗಳ, ಗೊಂಚಲಿನಲ್ಲಿ ನೋಡಿದ್ದರೂ, ಆ ಬಳೆಗಳು ಸಾಮಾನ್ಯವಾಗಿ 3–4 ಮಿ.ಮೀ. ಅಗಲದವು, ನಿಮ್ಮ ಉಂಗುರ 14. ಕಿರಿದಾದ ಉಂಗುರದ ಎರಡು ಬದಿಗೂ ಬೆರಳಿನ ಮಾಂಸ ಸರಿದುಕೊಳ್ಳುತ್ತದೆ. ಅಗಲವಾದ ಉಂಗುರದೊಳಗೆ ಸರಿಯಲು ಜಾಗವಿಲ್ಲ, ಅದು ಗೋಡೆಗೆ ಒತ್ತುತ್ತದೆ. ಗೆಣ್ಣು ದಾಟುವಾಗ ಚರ್ಮ ಮಡಿಕೆ ಬಿದ್ದು ಉಂಗುರದ ಮುಂದೆ ಗುಡ್ಡೆಯಾಗುವುದೂ ಅಗಲ ಹೆಚ್ಚಿದಂತೆ ಹೆಚ್ಚು.

ನಾನು ಹೇಳುವ ಲೆಕ್ಕ ಹೀಗೆ. ಒಳಸುತ್ತಳತೆಯನ್ನೇ ಹಿಡಿದು ಮಾತಾಡೋಣ. 4 ಮಿ.ಮೀ. ಅಗಲದವರೆಗೆ ಏನೂ ಸೇರಿಸಬೇಡಿ. 8–10 ಮಿ.ಮೀ. ಅಗಲಕ್ಕೆ ಸುತ್ತಳತೆಗೆ 1–1.5 ಮಿ.ಮೀ. ಸೇರಿಸಿ. 12 ದಾಟಿದರೆ 2–2.5. ಇವು ಹೊರಡುವ ಅಂಕಿಗಳು ಮಾತ್ರ. ಮೃದುವಾದ ತುಂಬುಬೆರಳಿಗೆ ಹೆಚ್ಚು ಬೇಕು, ಎಲುಬು ಕಾಣುವ ಬೆರಳಿಗೆ ಕಡಿಮೆ ಸಾಕು.

ನಿಮ್ಮ ಅಳತೆ ಬಳೆ 17.3 ಮಿ.ಮೀ. ಒಳವ್ಯಾಸ ತೋರಿಸಿತು ಎಂದುಕೊಳ್ಳಿ. ಒಳಸುತ್ತಳತೆ 54.4. ಅಗಲಕ್ಕಾಗಿ 2.5 ಸೇರಿಸಿದರೆ 56.9. ಇನ್ನು ತಗಡಿನ ದಪ್ಪ. ಬಾಗಿಸಿದಾಗ ಒಳಮೈ ಕುಗ್ಗಿ ಹೊರಮೈ ಹಿಗ್ಗುತ್ತದೆ, ಮಧ್ಯದ ಪದರ ಮಾತ್ರ ಇದ್ದಷ್ಟೇ ಉಳಿಯುತ್ತದೆ. ಹಾಗಾಗಿ ದಪ್ಪವನ್ನು 3.14ರಿಂದ ಗುಣಿಸಿ ಕೂಡಬೇಕು: 1.5 ಗುಣಿಸು 3.14, ಅಂದರೆ 4.7. ಒಟ್ಟು 61.6 ಮಿ.ಮೀ. ಉದ್ದದ ಪಟ್ಟಿ. ಈ 4.7 ಬಿಟ್ಟುಹೋದರೆ ಉಂಗುರ ಅಮೆರಿಕದ ಅಳತೆಯ ಕ್ರಮದಲ್ಲಿ ಹೆಚ್ಚುಕಡಿಮೆ ಎರಡು ಅಳತೆ ಚಿಕ್ಕದಾಗುತ್ತದೆ. ತೆಳುತಗಡಿನಲ್ಲಿ ಕೈಪಳಗಿದವರು ದಪ್ಪ ತಗಡಿಗೆ ಬಂದಾಗ ಮೊದಲು ಜಾರುವುದು ಇಲ್ಲಿಯೇ. ನಿಮ್ಮದು ಗೆಣ್ಣನ್ನೇ ದಾಟದಿದ್ದುದಕ್ಕೆ ಈ ಎರಡೂ ಸೇರಿಕೊಂಡಿರಬಹುದು.

ಬೆಳ್ಳಿ ಕತ್ತರಿಸುವ ಮುನ್ನ ಅದೇ ಅಗಲ, ಅದೇ ದಪ್ಪದ ತಾಮ್ರದ ಪಟ್ಟಿಯಲ್ಲಿ ಒಂದು ಪರೀಕ್ಷೆಯ ಉಂಗುರ ಮಾಡಿ ಬೆಸೆದು, ಅಂಚು ಸವರಿ, ಇಡೀ ದಿನ ಹಾಕಿಕೊಂಡು ನೋಡಿ. ಬೆಳಗಿನ ಚಳಿಯಲ್ಲಿ ಬೆರಳು ಸಣ್ಣ, ಬಿಸಿಲಿನಲ್ಲಿ ನಡೆದು ಬಂದ ಮೇಲೆ ದಪ್ಪ. ಎರಡು ಹೊತ್ತಿನಲ್ಲೂ ತೆಗೆಯಲು ಬರಬೇಕು. ಚರ್ಮ ಹಸಿರಾದರೆ ಗಾಬರಿಯಾಗಬೇಡಿ, ತಾಮ್ರ ಬೆವರಿಗೆ ಮಾಡುವ ಕೆಲಸ ಅದು, ತೊಳೆದರೆ ಹೋಗುತ್ತದೆ.

ಉಂಗುರ ಏಕೆ ತಿರುಗುತ್ತದೆ

ಗೆಣ್ಣು ದಾಟುವಷ್ಟು ದೊಡ್ಡದಾದ ಉಂಗುರ ಬೆರಳಿನ ಬುಡಕ್ಕೆ ಬಂದಾಗ ಸಡಿಲ. ಬುಡದಲ್ಲಿ ಬೆರಳು ಗುಂಡಗೂ ಇರುವುದಿಲ್ಲ. ಅಂಗೈ ಕಡೆ ಮೆತ್ತಗೆ ಚಪ್ಪಟೆ, ಮೇಲ್ಗಡೆ ಕಮಾನು. ಪೂರ್ತಿ ಗುಂಡಗಿರುವ ಉಂಗುರ ಅದರ ಸುತ್ತ ಚಕ್ರದಂತೆ ತಿರುಗುತ್ತದೆ, ಮೇಲೆ ಭಾರವಿದ್ದರೆ ಆ ಭಾರ ಕೆಳಕ್ಕೆ ಎಳೆಯುತ್ತದೆ.

ಭಾರವನ್ನು ಲೆಕ್ಕ ಹಾಕಿಯೇ ನೋಡಬಹುದು. 92.5 ಬೆಳ್ಳಿ, ಅಂದರೆ ನೂರಕ್ಕೆ 92.5 ಭಾಗ ಬೆಳ್ಳಿಯಿರುವ ಮಿಶ್ರಲೋಹ, ಒಂದು ಘನ ಸೆಂಟಿಮೀಟರಿಗೆ 10.4 ಗ್ರಾಂ ಹತ್ತಿರ ತೂಗುತ್ತದೆ. ನಿಮ್ಮ ಪಟ್ಟಿ, 61.6 ಉದ್ದ, 14 ಅಗಲ, 1.5 ದಪ್ಪ, ಸುಮಾರು 13.4 ಗ್ರಾಂ. ಸ್ಫಟಿಕದ ಸಾಂದ್ರತೆ 2.65 ಮಾತ್ರ, ಹೆಬ್ಬೆರಳ ಉಗುರಿನಷ್ಟು ತುಂಡು 3–4 ಗ್ರಾಂ ಇರಬಹುದು. ಅಂದರೆ ಉಂಗುರವನ್ನು ವಾಲಿಸುತ್ತಿರುವುದು ಕಲ್ಲಿನ ತೂಕಕ್ಕಿಂತ ಅದರ ಎತ್ತರ. ಬೆರಳಿನ ನಡುವಿನಿಂದ ದೂರ ಹೋದಷ್ಟೂ ಅದೇ 3 ಗ್ರಾಂ ಹೆಚ್ಚು ಎಳೆಯುತ್ತದೆ.

ಆದ್ದರಿಂದ ಮೊದಲ ಕೆಲಸ ಕಲ್ಲನ್ನು ಕೆಳಗಿಳಿಸುವುದು. ಕಲ್ಲು ಕೂರುವ ಜಾಗದಲ್ಲಿ ಪಟ್ಟಿಯನ್ನು ಗರಗಸದಿಂದ ತೆರೆದು, ಕಲ್ಲಿನ ತಳದ ಉಬ್ಬು ಆ ಕಿಂಡಿಯೊಳಗೆ ಇಳಿಯುವಂತೆ ಮಾಡಿ. ಚರ್ಮಕ್ಕೂ ಕಲ್ಲಿಗೂ ನಡುವೆ ಅರ್ಧ ಮಿಲಿಮೀಟರ್ ಉಳಿಯಲಿ. ಇಷ್ಟಕ್ಕೇ ಎತ್ತರ 1 ಮಿ.ಮೀ. ಕಡಿಮೆಯಾಗುತ್ತದೆ, ಸೋಪಿನ ಕೊಳೆ ತೆಗೆಯಲು ದಾರಿಯೂ ಸಿಗುತ್ತದೆ. ದಿನವೂ ಹಾಕುವ ಉಂಗುರಕ್ಕೆ ಬೆರಳಿನ ಮೇಲೆ 7–8 ಮಿ.ಮೀ. ಎತ್ತರ ಸಾಕು. ಅದಕ್ಕಿಂತ ಎತ್ತರದ್ದು ಜೇಬಿಗೆ ಕೈ ಹಾಕಿದಾಗಲೆಲ್ಲ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಕೆಳಭಾಗದ ಆಕಾರ. ಮೇಲೆ 14 ಮಿ.ಮೀ. ಇರುವ ಪಟ್ಟಿಯನ್ನು ಎರಡು ಕಡೆಯಿಂದಲೂ ಸಮನಾಗಿ ಇಳಿಸಿಕೊಂಡು ಅಂಗೈ ಕಡೆಗೆ 5–6 ಮಿ.ಮೀ.ಗೆ ತನ್ನಿ. ಬೆರಳು ಮಡಚುವಾಗ ಅಂಚು ಚುಚ್ಚುವುದು ನಿಲ್ಲುತ್ತದೆ. ಇದರಿಂದ ಒಂದು ತೊಡಕೂ ಹುಟ್ಟುತ್ತದೆ: ಕೆಳಗಿನ ಲೋಹ ಕಡಿಮೆಯಾದಂತೆ ಉಂಗುರದ ತೂಕದ ಕೇಂದ್ರ ಇನ್ನೂ ಮೇಲಕ್ಕೆ ಹೋಗುತ್ತದೆ. ಅದಕ್ಕೆ ಪರಿಹಾರ ಕೆಳಭಾಗವನ್ನು ಚಪ್ಪಟೆ ಮಾಡುವುದು. ಸುತ್ತಾಗಿ ಬೆಸೆದ ಮೇಲೆ ಕೆಳಗಿನ ಕಾಲುಭಾಗವನ್ನು ಚಪ್ಪಟೆ ಉಕ್ಕಿನ ಮೇಲಿಟ್ಟು, ಒಳಗೆ ಮರದ ತುಂಡು ಕೊಟ್ಟು ಕೊಡತಿಯಿಂದ ಮೆಲ್ಲಗೆ ಬಡಿದರೆ ಕೆಳಗೆರಡು ದುಂಡುಮೂಲೆ ಇರುವ ಆಕಾರ ಬರುತ್ತದೆ. ಚಪ್ಪಟೆ ಮಾಂಸಕ್ಕೆ ಚಪ್ಪಟೆ ಬೆಳ್ಳಿ ಕೂತಿತೆಂದರೆ ಉಂಗುರಕ್ಕೆ ತಿರುಗಲು ಮನಸ್ಸಾಗುವುದಿಲ್ಲ. ಪಕ್ಕಗಳ ದಪ್ಪವೂ ಮುಖ್ಯ, ಬೆರಳುಗಳ ನಡುವೆ ಬರುವ ಭಾಗ 2 ಮಿ.ಮೀ. ಮೀರಿದರೆ ಬೆರಳುಗಳು ಸೇರುವುದೇ ಇಲ್ಲ.

ಈಗಾಗಲೇ ಹಿಗ್ಗಿಸಿ ಸಡಿಲವಾದ ಉಂಗುರವನ್ನು ಬಿಸಾಡಬೇಡಿ. ಕಲ್ಲು ಬಿಚ್ಚಿ, ಬೆಳ್ಳಿಯ ಚೂರನ್ನು ಇದ್ದಿಲಿನ ಮೇಲೆ ಕರಗಿಸಿ 2 ಮಿ.ಮೀ. ಗುಂಡು ಎರಡನ್ನು ಮಾಡಿಕೊಳ್ಳಿ. ಅವನ್ನು ಅರ್ಧಕ್ಕೆ ಅರದಿಂದ ತೀಡಿ, ಗಡಿಯಾರದ 5 ಮತ್ತು 7ರ ಜಾಗದಲ್ಲಿ ಒಳಮೈಗೆ ಬೆಸೆಯಿರಿ. ಆ ಎರಡು ಉಬ್ಬುಗಳು ಗೆಣ್ಣಿನ ಮೇಲೆ ಜಾರಿ ಹೋಗುತ್ತವೆ, ಬುಡದ ಮೆತ್ತನೆಯ ಮಾಂಸದಲ್ಲಿ ಕೂತುಕೊಳ್ಳುತ್ತವೆ. ಗೆಣ್ಣು ದಪ್ಪವಾಗಿ ಬುಡ ಸಣ್ಣಗಿರುವವರಿಗೆ ಇದಕ್ಕಿಂತ ಸುಲಭದ ಉಪಾಯ ಕಂಡಿಲ್ಲ.

ಕೆಳಭಾಗವನ್ನು ತೆರೆದೇ ಬಿಟ್ಟು ಹಿಗ್ಗಿಸಿ ಕುಗ್ಗಿಸಿಕೊಳ್ಳಲಿ ಎಂದು ಬಿಡುವ ರೂಢಿಯೂ ಇದೆ. 1 ಮಿ.ಮೀ. ಒಳಗಿನ ತಗಡಿಗೆ ಒಂದೆರಡು ಸಲದ ಹೊಂದಾಣಿಕೆಗೆ ಅದು ಸರಿ. 1.5 ಮಿ.ಮೀ. ಪಟ್ಟಿಯನ್ನು ಪದೇಪದೇ ಬಾಗಿಸಿದರೆ ಲೋಹ ಗಡುಸಾಗಿ ಒಂದು ದಿನ ಮೇಲ್ಭಾಗದ ಪಕ್ಕದಲ್ಲೇ ಸೀಳುತ್ತದೆ.

ಸುತ್ತುವುದು, ಬೆಸೆಯುವುದು

ಈ ಭಾಗ ನಿಮಗೆ ಗೊತ್ತಿರುವುದೇ. ಅಗಲ ಪಟ್ಟಿಗೆ ಸಂಬಂಧಿಸಿದ್ದನ್ನು ಮಾತ್ರ ಹೇಳುತ್ತೇನೆ.

ಗರಗಸದ ಎಳೆ ಆಯುವಾಗ ತಗಡಿನ ದಪ್ಪದೊಳಗೆ ಎರಡೂವರೆಯಿಂದ ಮೂರು ಹಲ್ಲು ಕೂರಬೇಕು. ಅದಕ್ಕಿಂತ ಒರಟಾದರೆ ಎಳೆ ಸಿಕ್ಕಿ ಮುರಿಯುತ್ತದೆ. ಒಳಗೆ ಹೆಸರಿನ ಗುರುತೋ ಬೆಳ್ಳಿಯ ಶುದ್ಧತೆಯ ಮುದ್ರೆಯೋ ಹಾಕುವುದಿದ್ದರೆ ಪಟ್ಟಿ ಚಪ್ಪಟೆಯಿರುವಾಗಲೇ ಹಾಕಿ. ಆಮೇಲೆ ಕಾಸಿ ಹದ ಮಾಡಿ: 600–650 ಡಿಗ್ರಿ ಸೆಲ್ಸಿಯಸ್, ಮಂದ ಬೆಳಕಿನಲ್ಲಿ ಕಡುಗುಲಾಬಿ ಬಣ್ಣ. ಕಿತ್ತಳೆಗೆ ಹೋಯಿತೆಂದರೆ ಅತಿಯಾಯಿತು, 92.5 ಬೆಳ್ಳಿ ಸುಮಾರು 800 ಡಿಗ್ರಿಗೇ ಒಳಗೊಳಗೆ ಕರಗಲು ಶುರುಮಾಡುತ್ತದೆ. ಕೆಂಪು ಆರಿದ ಮೇಲೆ ನೀರಿಗೆ ಹಾಕಿ.

ಮ್ಯಾಂಡ್ರೆಲ್, ಅಂದರೆ ಉಂಗುರ ಸುತ್ತುವ ಉಕ್ಕಿನ ಕೋಲು, ತುದಿಗೆ ಸಣ್ಣದಾಗುತ್ತ ಹೋಗುತ್ತದೆ. 14 ಮಿ.ಮೀ. ಪಟ್ಟಿಯನ್ನು ಒಂದೇ ಕಡೆಯಿಂದ ತೂರಿಸಿ ಬಡಿದರೆ ಉಂಗುರವೂ ಆಲಿಕೆಯ ಆಕಾರ ತಾಳುತ್ತದೆ, ಒಂದು ಬಾಯಿ ದೊಡ್ಡದು, ಒಂದು ಚಿಕ್ಕದು. ನಾಲ್ಕೈದು ಪೆಟ್ಟಿಗೊಮ್ಮೆ ತೆಗೆದು ತಿರುಗಿಸಿ ಹಾಕಿ. ಮರ ಅಥವಾ ಚರ್ಮದ ಕೊಡತಿಯನ್ನೇ ಬಳಸಿ. ಉಕ್ಕಿನ ಸುತ್ತಿಗೆ ಲೋಹವನ್ನು ಬಡಿದು ತೆಳುಮಾಡಿ ಸುತ್ತಳತೆ ಹೆಚ್ಚಿಸುತ್ತದೆ. ಬೇಕೆಂದಾಗ ಅದು ಉಪಾಯ, ಬೇಡದಿದ್ದಾಗ ತಪ್ಪು.

ಬೆಸುಗೆಯ ಜಾಗ ಅಂಗೈ ಕಡೆ, ಕಿರಿದಾದ ಭಾಗದಲ್ಲಿರಲಿ. ಎರಡೂ ತುದಿ ತಾಗಿಸಿ ಬೆಳಕಿಗೆ ಹಿಡಿದಾಗ ಗೆರೆಯಷ್ಟೂ ಬೆಳಕು ಬರಬಾರದು. ಬಂದರೆ ಅದೇ ಸಂದಿಯಲ್ಲಿ ಗರಗಸ ಒಮ್ಮೆ ಹಾಯಿಸಿ ಮತ್ತೆ ಕೂಡಿಸಿ, ಎರಡೂ ಮುಖ ಒಂದಕ್ಕೊಂದು ಹೊಂದುತ್ತವೆ. ಬೆಸುಗೆ ಲೋಹ ಅಂತರ ತುಂಬುವ ಗಾರೆಯಲ್ಲ, ಬಿಗಿಯಾದ ಸಂದಿಯಲ್ಲೇ ಅದು ಹರಿಯುವುದು. ಹರಿಯುವುದು ಬಿಸಿಯಿದ್ದ ಕಡೆಗೆ, ಹಾಗಾಗಿ ಸಂದಿಗೆ ಮಾತ್ರ ಉರಿ ಕೊಡದೆ ಇಡೀ ಉಂಗುರವನ್ನು ಕಾಸಿ, ಕೊನೆಯಲ್ಲಿ ಸಂದಿಗೆ ತನ್ನಿ.

ಈ ಸಂದಿಗೆ ಗಟ್ಟಿ ಬೆಸುಗೆ, ಹರಿಯುವುದು 775 ಡಿಗ್ರಿ ಆಸುಪಾಸು. ಕೊಕ್ಕೆಗಳಿಗೆ ಮಧ್ಯಮ, 740ರ ಹತ್ತಿರ. ಒಳಗಿನ ಗುಂಡುಗಳಿಗೆ ಮೆದು, 710–720. ತಯಾರಕರಿಗೆ ತಕ್ಕಂತೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ. ಬಿಳಿಗಾರ ಎಲ್ಲದಕ್ಕೂ ಬೇಕು. ಆಮೇಲೆ ಮೈ ಶುಚಿಮಾಡಲು ಹಾಕಿದ ಆಮ್ಲದ ನೀರಿನಿಂದ ತೆಗೆಯಲು ತಾಮ್ರದ ಚಿಮಟವೇ ಆಗಬೇಕು. ಕಬ್ಬಿಣ ಮುಳುಗಿದರೆ ನೀರಿನಲ್ಲಿ ಕರಗಿರುವ ತಾಮ್ರ ಬಂದು ಬೆಳ್ಳಿಯ ಮೇಲೆ ಗುಲಾಬಿ ಪೊರೆಯಾಗಿ ಕೂರುತ್ತದೆ.

ಕಲ್ಲು ಚಕ್ಕೆ ಎದ್ದದ್ದು

ಸ್ಫಟಿಕ ಗಡಸುತನದ 1ರಿಂದ 10ರ ಮೋಸ್ ಪಟ್ಟಿಯಲ್ಲಿ 7, ದಿನಬಳಕೆಗೆ ಸಾಕಷ್ಟು ಗಟ್ಟಿ. ಆದರೆ ಗಡಸು ಬೇರೆ, ಪೆಟ್ಟು ತಾಳುವ ಶಕ್ತಿ ಬೇರೆ. ಕಡೆದ ಕಲ್ಲಿಗೆ ಸಮವಾದ ಅಂಚಿರುತ್ತದೆ, ಒತ್ತಡ ಹಂಚಿಹೋಗುತ್ತದೆ. ಕಡೆಯದ ತುಂಡು ತಳದಲ್ಲಿ ಎರಡೋ ಮೂರೋ ಬಿಂದುವಿನ ಮೇಲೆ ಮಾತ್ರ ನಿಂತಿರುತ್ತದೆ. ನೀವು ಮೇಲಿನಿಂದ ಕೊಕ್ಕೆ ಒತ್ತಿದಾಗ ಕಲ್ಲು ಕುಂಟುಮೇಜಿನಂತೆ ವಾಲಿ ಇನ್ನೊಂದು ಕೊಕ್ಕೆಗೆ ಅಂಚು ಕೊಡುತ್ತದೆ. ಚಕ್ಕೆ ಏಳುವುದು ನೀವು ಒತ್ತುತ್ತಿರುವ ಕಡೆ ಅಲ್ಲ, ಅದರ ಎದುರಿಗೆ. ನಿಮ್ಮ ತುಂಡನ್ನು ತೆಗೆದು ನೋಡಿ, ಗಾಯ ಬಹುಶಃ ಎದುರು ಕೊಕ್ಕೆಯ ಬಳಿಯಲ್ಲೇ ಇದ್ದೀತು.

ಹಾಗಾಗಿ ಮೊದಲು ತಳ. ಕಲ್ಲಿನ ತಳಕ್ಕೆ ಮಸಿಯೋ ಬಣ್ಣವೋ ಸವರಿ ಕೂರುವ ಜಾಗದ ಮೇಲಿಟ್ಟು ಎತ್ತಿ. ಬೆಳ್ಳಿಯ ಮೇಲೆ ಗುರುತು ಬಿದ್ದ ಕಡೆ ಸಣ್ಣ ಉಕ್ಕಿನ ಬರ್‌ನಿಂದ, ಅಂದರೆ ತಿರುಗುತ್ತ ಕೊರೆಯುವ ಮೊನೆಯಿಂದ, ಕೆರೆಯಿರಿ, ಮತ್ತೆ ಇಡಿ, ಮತ್ತೆ ಕೆರೆಯಿರಿ. ಐದಾರು ಸುತ್ತಿನ ಹೊತ್ತಿಗೆ ಗುರುತುಗಳು ಮೂರರಿಂದ ಹತ್ತಾಗುತ್ತವೆ, ಕಲ್ಲು ಬೆರಳಿನಿಂದ ಯಾವ ಮೂಲೆ ಒತ್ತಿದರೂ ಆಡುವುದಿಲ್ಲ. ಅಲ್ಲಿಯವರೆಗೆ ಕೊಕ್ಕೆ ಮುಟ್ಟಬೇಡಿ. ಉಳಿದ ಸಣ್ಣ ಪೊಳ್ಳಿಗೆ ಎಪಾಕ್ಸಿ ಹಾಕಬಹುದೇ ಎಂದರೆ, ಹಾಸಿಗೆಯಾಗಿ ಹಾಕಿ, ಹಿಡಿತಕ್ಕೆಂದು ಹಾಕಬೇಡಿ. ಅಂಟು ಇಲ್ಲದೆಯೂ ಕಲ್ಲು ನಿಲ್ಲುವಂತಿರಬೇಕು.

ಕೊಕ್ಕೆಗಳು ಕನಿಷ್ಠ ನಾಲ್ಕು, 1.2 ಮಿ.ಮೀ. ದುಂಡುತಂತಿ, 92.5 ಬೆಳ್ಳಿಯದು. ಶುದ್ಧ ಬೆಳ್ಳಿ ಕಲ್ಲಿನ ಸುತ್ತ ಕಟ್ಟುವ ಅಂಚುಪಟ್ಟಿಗೆ ಒಳ್ಳೆಯದು, ಕೊಕ್ಕೆಗೆ ತೀರ ಮೆತ್ತಗೆ. ಅವನ್ನು ಸಮ ಅಂತರದಲ್ಲಿ ಹಾಕಬೇಕೆಂಬ ನಿಯಮ ಕಡೆಯದ ಕಲ್ಲಿಗಿಲ್ಲ; ಕಲ್ಲಿನಲ್ಲಿ ತಾನಾಗಿ ಇರುವ ತಗ್ಗು, ಹೆಗಲು ಎಲ್ಲಿವೆಯೋ ಅಲ್ಲಿ ಹಾಕಿ, ಎದುರುಬದುರು ಜೋಡಿ ಬರುವಂತೆ ನೋಡಿಕೊಂಡರಾಯಿತು. ಚೂಪುತುದಿಯ ಮೇಲೆ ಎಂದೂ ಬೇಡ. ಪ್ರತಿ ಕೊಕ್ಕೆ ಕಲ್ಲಿನ ಮೇಲೆ 1–1.5 ಮಿ.ಮೀ. ಹಾಯಬೇಕು. ಮಡಚುವ ಜಾಗದ ಒಳಬದಿಯಲ್ಲಿ ಮುಕ್ಕೋಣ ಅರದಿಂದ ತಂತಿಯ ಮೂರನೇ ಒಂದು ಭಾಗದಷ್ಟು ಕಚ್ಚು ಹಾಕಿ. ಅದಿಲ್ಲದಿದ್ದರೆ ಕೊಕ್ಕೆ ಬುಡದಿಂದ ಬಾಗಿ ಕಲ್ಲಿನ ಪಕ್ಕವನ್ನು ಒತ್ತುತ್ತದೆ. ಅರ್ಧ ದಾಟಿ ಕಚ್ಚು ಹಾಕಿದರೆ ಅಲ್ಲೇ ಮುರಿಯುತ್ತದೆ.

ಮಡಚುವುದು ಸರದಿಯಲ್ಲಿ: ಒಂದಕ್ಕೆ ಸ್ವಲ್ಪ, ಅದರ ಎದುರಿನದಕ್ಕೆ ಸ್ವಲ್ಪ, ಆಮೇಲೆ ಇನ್ನೊಂದು ಜೋಡಿ. ಮೂರು ನಾಲ್ಕು ಸುತ್ತಿನಲ್ಲಿ ಮುಗಿಸಿ. ಒಂದೇ ಏಟಿಗೆ ಒಂದನ್ನು ಪೂರ್ತಿ ಮಡಚಿದರೆ ಕಲ್ಲು ಹಾಸಿಗೆಯಿಂದ ಎದ್ದುಬಿಡುತ್ತದೆ. ಕೆಲಸ ಮುಗಿದ ಮೇಲೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಕಲ್ಲನ್ನು ತಟ್ಟಿ. ಗಟ್ಟಿಯಾಗಿ ಕೂತ ಕಲ್ಲು ಟಪ್ ಎಂದು ಮೊಂಡಾಗಿ ಕೇಳುತ್ತದೆ, ಸಡಿಲವಿದ್ದರೆ ಟಿಕ್‌ಟಿಕ್ ಎನ್ನುತ್ತದೆ. ನೂಲಿನ ಬಟ್ಟೆಯೊಂದನ್ನು ಕೊಕ್ಕೆಗಳ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿದರೆ ತುದಿ ಇನ್ನೂ ದುಂಡಾಗಿಲ್ಲ.

ಮುಂದೆ ಬೇರೆ ಕಲ್ಲು ಆರಿಸುವಾಗ ಗಡಸಿನ ಅಂಕಿ ಮಾತ್ರ ನೋಡಬೇಡಿ. ಪುಷ್ಯರಾಗ (ಟೋಪಾಜ್) 8 ಇದ್ದರೂ ಒಂದು ದಿಕ್ಕಿನಲ್ಲಿ ಒಂದೇ ಪೆಟ್ಟಿಗೆ ನುಣ್ಣಗೆ ಸೀಳುತ್ತದೆ. ಚಂದ್ರಕಾಂತಕ್ಕೆ ಅಂಥ ಎರಡು ದಿಕ್ಕುಗಳಿವೆ. ಫ್ಲೂರೈಟ್ ಗಡಸು 4, ಉಂಗುರಕ್ಕೆ ಬೇಡವೇ ಬೇಡ, ಪದಕಕ್ಕಿರಲಿ. ಓಪಲ್ ತನ್ನೊಳಗೆ ನೀರು ಹಿಡಿದಿರುತ್ತದೆ, ಉರಿ ತಾಗಿದರೆ ಬಿರುಕು. ಮುತ್ತು, ಹವಳ ಆಮ್ಲದ ನೀರಿಗೆ ಬಿದ್ದರೆ ಮುಗಿಯಿತು. ಎರಡು ತುದಿಗಳ ನಡುವೆ ಕಲ್ಲು ತೇಲುತ್ತಿರುವಂತೆ ಕಾಣುವ ಟೆನ್ಷನ್ ಉಂಗುರವನ್ನು 92.5 ಬೆಳ್ಳಿಯಲ್ಲಿ ಪ್ರಯತ್ನಿಸಬೇಡಿ. ಅದಕ್ಕೆ ಸ್ಪ್ರಿಂಗಿನಂತೆ ಒತ್ತಡ ಹಿಡಿದಿಡುವ ಗಡಸು ಮಿಶ್ರಲೋಹ ಬೇಕು, ವಜ್ರ, ನೀಲ, ಮಾಣಿಕ್ಯದಂಥ ಕಲ್ಲು ಬೇಕು.

ಗೆರೆಗೆರೆಯ ಮೈ

ನೀವು ಕಂಡದ್ದು ಬಹುಶಃ ಕಟಲ್‌ಫಿಶ್ ಮೂಳೆಯ ಎರಕ. ಸಮುದ್ರನೊರೆ ಎಂದು ಕರೆಯುವ ಹಗುರ ಬಿಳಿ ಮೂಳೆ ಅದು. ಒಳಮೈ ಉಗುರಿನಲ್ಲಿ ಒತ್ತಿದರೆ ತಗ್ಗುವಷ್ಟು ಮೆತ್ತಗೆ, ಆದರೆ ಸುಣ್ಣದ ಅಂಶವಾದ್ದರಿಂದ ಕರಗಿದ ಬೆಳ್ಳಿಯ ಬಿಸಿಯನ್ನು ಒಂದು ಸಲಕ್ಕೆ ತಾಳುತ್ತದೆ. ಮೂಳೆ ಬೆಳೆದ ಪದರಗಳೇ ಬೆಳ್ಳಿಯ ಮೇಲೆ ಅಲೆಅಲೆಯ ಗೆರೆಯಾಗಿ ಬೀಳುತ್ತವೆ. ಮನೆಯ ಮೇಜಿನ ಮೇಲೆ ಖಂಡಿತ ಆಗುತ್ತದೆ, ಗಾಳಿಯಾಡುವ ಜಾಗ ಇರಬೇಕು ಅಷ್ಟೆ. ಸುಟ್ಟ ಕೂದಲಿನಂಥ ವಾಸನೆ ಗಂಟೆಗಟ್ಟಲೆ ಉಳಿಯುತ್ತದೆ.

ದಪ್ಪ ಮೂಳೆಗಳೆರಡನ್ನು ಆರಿಸಿ, ಮೆತ್ತನೆಯ ಮುಖಗಳನ್ನು ಚಪ್ಪಟೆ ಹಲಗೆಗೆ ಅಂಟಿಸಿದ ಮರಳುಕಾಗದದ ಮೇಲೆ ತಿಕ್ಕಿ. ಮುಖಕ್ಕೆ ಮುಖ ಇಟ್ಟಾಗ ಬೆಳಕು ತೂರಬಾರದು. ಈ ಪುಡಿ ಉಸಿರಿಗೆ ಹೋಗದಂತೆ ಮುಖಗವಸು ಹಾಕಿ. ತಾಮ್ರದಲ್ಲೋ ಗಟ್ಟಿ ಮೇಣದಲ್ಲೋ ಮಾಡಿದ ಮಾದರಿ ಉಂಗುರವನ್ನು ಒಂದು ಮೂಳೆಯಲ್ಲಿ ಅರ್ಧದಷ್ಟು ಒತ್ತಿ, ಗುರುತಿಗೆ ಮೂರು ಸಣ್ಣ ಕಡ್ಡಿ ಚುಚ್ಚಿ, ಇನ್ನೊಂದನ್ನು ಮೇಲಿನಿಂದ ನೇರವಾಗಿ ಒತ್ತಿ. ಬಿಡಿಸಿ ಮಾದರಿ ತೆಗೆಯಿರಿ. ಮೆತ್ತನೆಯ ಕುಂಚದಿಂದ ಅಚ್ಚಿನೊಳಗೆ ಪದರಗಳ ದಿಕ್ಕಿನಲ್ಲೇ ಸವರಿದರೆ ಮೆದುಭಾಗ ಉದುರಿ ಗೆರೆಗಳು ಎದ್ದುಕಾಣುತ್ತವೆ. ಎಷ್ಟು ಸವರಿದರೆ ಅಷ್ಟು ಒರಟು, ಇದೊಂದು ಕೈಹಿಡಿತದ ಮಾತು.

ಮೇಲಿನಿಂದ ಆಲಿಕೆಯಂತೆ ಬಾಯಿ ಕೊರೆದು ಉಂಗುರದ ಅತಿ ದಪ್ಪದ ಭಾಗಕ್ಕೆ ಸೇರಿಸಿ. ಲೋಹ ಆರುವಾಗ ಕುಗ್ಗುತ್ತದೆ. ದಪ್ಪದ ಭಾಗ ಕೊನೆಗೆ ಆರುವುದರಿಂದ ಅದಕ್ಕೆ ಕೊನೆಯವರೆಗೂ ಬಾಯಿಯಿಂದ ಲೋಹ ಒದಗುತ್ತಿರಬೇಕು, ಇಲ್ಲದಿದ್ದರೆ ಅಲ್ಲಿ ಪೊಳ್ಳು ಬೀಳುತ್ತದೆ. ಅಚ್ಚಿನಿಂದ ಹೊರಗೆ, ಮೇಲ್ಮುಖವಾಗಿ ನಾಲ್ಕೈದು ಕೂದಲೆಳೆ ಗೀರು ಎಳೆದರೆ ಗಾಳಿ ಹೋಗಲು ದಾರಿ. ಕಬ್ಬಿಣದ ತಂತಿಯಿಂದ ಕಟ್ಟಿ. ಮೂಳೆ ಪೂರ್ತಿ ಒಣಗಿರಲೇಬೇಕು, ತೇವವಿದ್ದರೆ ಹಬೆ ಹುಟ್ಟಿ ಕರಗಿದ ಬೆಳ್ಳಿಯನ್ನು ಮುಖಕ್ಕೆ ಎರಚುತ್ತದೆ. ಕನ್ನಡಕ, ಚರ್ಮದ ಮುಂಗವಸು, ಮುಚ್ಚಿದ ಪಾದರಕ್ಷೆ ಇಲ್ಲದೆ ಮೂಸೆ ಎತ್ತಬೇಡಿ.

ಬೆಳ್ಳಿ ಎಷ್ಟು ಬೇಕು? ಮಾದರಿಯನ್ನು ಅಳತೆಗೊಳವೆಯ ನೀರಿನಲ್ಲಿ ಮುಳುಗಿಸಿ. 1.2 ಮಿಲಿ ನೀರು ಏರಿದರೆ 1.2 ಗುಣಿಸು 10.4, ಅಂದರೆ 12.5 ಗ್ರಾಂ, ಬಾಯಿಯಲ್ಲಿ ನಿಲ್ಲುವುದಕ್ಕೆ ಅದರ ಅರ್ಧ ಸೇರಿಸಿ 19 ಗ್ರಾಂ ಕರಗಿಸಿ. 92.5 ಬೆಳ್ಳಿ 900 ಡಿಗ್ರಿಯ ಒಳಗೇ ಪೂರ್ತಿ ಕರಗುತ್ತದೆ, ಆದರೆ ಆಗಲೇ ಹೊಯ್ದರೆ ಅರ್ಧದಾರಿಯಲ್ಲಿ ಹೆಪ್ಪುಗಟ್ಟುತ್ತದೆ. ಚಿಟಿಕೆ ಬಿಳಿಗಾರ ಹಾಕಿ, ಲೋಹ ಕನ್ನಡಿಯಂತೆ ಹೊಳೆದು ಮೂಸೆ ಅಲ್ಲಾಡಿಸಿದಾಗ ಪಾದರಸದಂತೆ ಓಡಾಡತೊಡಗಿದ ಮೇಲೆ ಇನ್ನೊಂದಿಷ್ಟು ಹೊತ್ತು ಉರಿ ಕೊಟ್ಟು, ಹೊಯ್ಯುವಾಗಲೂ ಉರಿ ತೆಗೆಯದೆ ಒಂದೇ ಧಾರೆಯಲ್ಲಿ ಹೊಯ್ಯಿರಿ. ಅಂಚುಗಳು ದುಂಡಾಗಿ ತುಂಬದೆ ಉಳಿದಿದ್ದರೆ ಲೋಹ ತಣ್ಣಗಿತ್ತು ಎಂದರ್ಥ. ಮೈತುಂಬ ಸೂಜಿಮೊನೆ ತೂತಿದ್ದರೆ ಅತಿಯಾಗಿ ಕಾಸಿದ್ದೀರಿ ಅಥವಾ ಗಾಳಿಗೆ ದಾರಿಯಿರಲಿಲ್ಲ.

ಎರಕದ ಉಂಗುರವನ್ನು ಆಮೇಲೆ ಹಿಗ್ಗಿಸಲು ಹೋಗಬೇಡಿ, ಗೆರೆಯ ತಗ್ಗಿನಲ್ಲೇ ಸೀಳು ಬಿಡುತ್ತದೆ. ಮಾದರಿಯನ್ನೇ ಕಾಲು–ಅರ್ಧ ಅಳತೆ ದೊಡ್ಡದಾಗಿ ಮಾಡಿಕೊಳ್ಳುವುದು ಸರಿ. ಒಳಮೈ ಮಾತ್ರ ಅರ, ಮರಳುಕಾಗದ ಹಾಕಿ ನುಣುಪು ಮಾಡಿ, ಹೊರಮೈ ಮುಟ್ಟಬೇಡಿ. ಗೆರೆಗೆ ಆಳ ಬೇಕಿದ್ದರೆ ಗಂಧಕದ ದ್ರಾವಣದಲ್ಲಿ ಕಪ್ಪು ಹಿಡಿಸಿ ಉಬ್ಬುಗಳನ್ನು ಮಾತ್ರ ಉಜ್ಜಿ. ಕಲ್ಲು ಕೂರಿಸುವುದು ಅದಾದ ಮೇಲೆ.

ವಿಚಿತ್ರ ಉಂಗುರ ಮಾಡುವವರ ದಾರಿ

ಅವರು ನಿಭಾಯಿಸುವುದು ಹೇಗೆಂದು ಕೇಳಿದ್ದೀರಿ. ಒಬ್ಬೊಬ್ಬರು ಒಂದೊಂದನ್ನು ಬಿಟ್ಟುಕೊಡುತ್ತಾರೆ, ಯಾವುದನ್ನು ಬಿಡುತ್ತಿದ್ದೇವೆಂದು ತಿಳಿದೇ ಬಿಡುತ್ತಾರೆ. ಕಲಾವಿದೆ ಮೆರೆಟ್ ಒಪನ್‌ಹೈಮ್ 1930ರ ದಶಕದಲ್ಲಿ ಕಲ್ಲಿನ ಜಾಗಕ್ಕೆ ಸಕ್ಕರೆಯ ತುಂಡು ಇಡುವ ಉಂಗುರವನ್ನು ವಿನ್ಯಾಸಗೊಳಿಸಿದರು. ಸಕ್ಕರೆ ಕರಗುತ್ತದೆ, ಆದ್ದರಿಂದ ಹಿಡಿಕೆ ಹೊಸ ತುಂಡನ್ನು ಹಿಡಿಯುವಂತಿರಬೇಕು. ಮರ, ಕಾಗದ, ರಾಳದಂತಹ ಬೇಗ ಸವೆಯುವ ವಸ್ತು ಬಳಸುವ ಯಾರಿಗೂ ಅದೇ ಮಾತು: ಬದಲಿಸಲು ಬರುವಂತೆ ಕಟ್ಟಿ. ಬ್ರಿಟನ್ನಿನ ವೆಂಡಿ ರಾಮ್‌ಶಾ ಒಂದರ ಮೇಲೊಂದು ಜೋಡಿಸಿ ಹಾಕುವ ಉಂಗುರಗಳ ಗುಂಪುಗಳನ್ನು ಮಾಡಿ, ಅವುಗಳಿಗೆಂದೇ ಕಡೆದ ನಿಲುವುಗಂಬಗಳನ್ನೂ ಕೊಟ್ಟರು. ಬೆರಳಿನಲ್ಲಿ ಇಲ್ಲದಾಗಲೂ ಅದು ಶಿಲ್ಪ. ನಿಮ್ಮ ಉಂಗುರ 10 ಮಿ.ಮೀ. ಎತ್ತರಕ್ಕೆ ಹೋಗಲೇಬೇಕು ಎಂದಿದ್ದರೆ ಅಂಥದೊಂದು ನಿಲುವು ಮಾಡಿ, ಕೊಕ್ಕೆಗಳು ಡಬ್ಬಿಯಲ್ಲಿ ಉರುಳಾಡಿ ಹಾಳಾಗುವುದು ತಪ್ಪುತ್ತದೆ. ಜರ್ಮನಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ನೆಲೆಸಿದ ಕಾರ್ಲ್ ಫ್ರಿಟ್ಶ್ ಕಲ್ಲುಗಳನ್ನು ಕೊರೆದು ಮೊಳೆ ತೂರಿಸಿ ಉಂಗುರಕ್ಕೆ ಗುಡ್ಡೆಹಾಕುತ್ತಾರೆ, ಬೆರಳಚ್ಚು ಕಾಣುವ ಮೇಣದ ಮೈಯನ್ನು ಹಾಗೇ ಉಳಿಸುತ್ತಾರೆ. ನಾಜೂಕು ಬಿಟ್ಟದ್ದು ಕಾಣುತ್ತದೆ; ಬೆರಳಿನ ತೂತು ಮಾತ್ರ ಬೆರಳಿಗೆ ಹೊಂದುತ್ತದೆ.

ನಿಮ್ಮ ಸ್ಫಟಿಕವನ್ನೂ ಹಾಗೆ ಕೊರೆದು ತಂತಿ ಹಾಯಿಸಿ ರಿವೆಟ್ ಹಾಕಬಹುದು, ಅಂದರೆ ತಂತಿಯ ತುದಿಗಳನ್ನು ಬಡಿದು ಹರಡಿ ಬಿಗಿಯಬಹುದು, ಕೊಕ್ಕೆಯೇ ಬೇಡ. ವಜ್ರಪುಡಿಯ ಬರ್, ಕಲ್ಲು ನೀರಿನೊಳಗೆ, ಒತ್ತಡ ಇಲ್ಲದಷ್ಟು ಕಡಿಮೆ, ಎರಡು ಕಡೆಯಿಂದ ಕೊರೆದು ನಡುವೆ ಸೇರಿಸಿ. ಒಂದೇ ಕಡೆಯಿಂದ ಹೋದರೆ ಹೊರಬರುವ ಕಡೆ ಚಕ್ಕೆ ಏಳುತ್ತದೆ. ಒಣಗಿದ್ದಾಗ ಎಂದೂ ಕೊರೆಯಬೇಡಿ, ಸ್ಫಟಿಕದ ಧೂಳು ಶ್ವಾಸಕೋಶಕ್ಕೆ ಖಾಯಂ ಹಾನಿ ಮಾಡುತ್ತದೆ. ರಿವೆಟ್ ತಂತಿ ಹದಮಾಡಿದ ಶುದ್ಧ ಬೆಳ್ಳಿಯದಾಗಲಿ, ಇಲ್ಲಿ ಅದರ ಮೆತ್ತಗಿನ ಗುಣವೇ ಬೇಕು.

ಮಾರುವ ಯೋಚನೆ ಇದ್ದರೆ ಎರಡು ವಿಷಯ ಮೊದಲೇ ವಿನ್ಯಾಸದಲ್ಲಿ ಸೇರಿಸಿ. ಅಂಗೈ ಕಡೆ 8–10 ಮಿ.ಮೀ. ಉದ್ದದಷ್ಟು ಗೆರೆ, ಗುಂಡು, ಕೆತ್ತನೆ ಏನೂ ಇಲ್ಲದ ಸಾದಾ ಭಾಗ ಬಿಡಿ, ಬೆಸುಗೆಯೂ ಅದರ ನಡುವೆಯೇ ಬರಲಿ. ಗುಂಡುಗಳಿದ್ದರೆ ಅವು ಈ ಭಾಗದ ಎರಡು ತುದಿಗಳಾಚೆ ಕೂರುತ್ತವೆ. ಮುಂದೆ ಅಳತೆ ಬದಲಿಸುವವರು ಅಲ್ಲೇ ಕತ್ತರಿಸಿ ತುಂಡು ಸೇರಿಸಬಹುದು ಅಥವಾ ತೆಗೆಯಬಹುದು, ಆದರೆ ಅದಕ್ಕೆ ಮೊದಲು ಕಲ್ಲು ಬಿಚ್ಚಬೇಕೆಂದು ಉಂಗುರದ ಜೊತೆ ಬರೆದುಕೊಡಿ.

ಇನ್ನೊಂದು, ಬೆರಳು ಊದಿಕೊಂಡು ಉಂಗುರ ಬಾರದೆ ಹೋದಾಗಿನ ಮಾತು. ಕಿರಿದಾದ ಬೆಳ್ಳಿ ಉಂಗುರವನ್ನು ಒಂದು ಕಡೆ ಕತ್ತರಿಸಿದರೆ ಎರಡು ಇಕ್ಕಳದಿಂದ ಅಗಲಿಸಬಹುದು. 14 ಮಿ.ಮೀ. ಅಗಲ, 1.5 ದಪ್ಪದ ಪಟ್ಟಿ ಒಂದು ಕಡೆ ಕತ್ತರಿಸಿದರೂ ಬಾಗುವುದಿಲ್ಲ. ಎದುರುಬದುರು ಎರಡು ಕಡೆ ಕತ್ತರಿಸಬೇಕು, ಒಂದು ಕಡೆ ಕಲ್ಲಿರುತ್ತದೆ, ಇತ್ತ ಬೆರಳು ಊದುತ್ತಲೇ ಇರುತ್ತದೆ. ಕೆಳಗೆ 5–6 ಮಿ.ಮೀ.ಗೆ ಇಳಿಸಿದ ಉಂಗುರವಾದರೆ ಕತ್ತರಿ ಸುಲಭವಾಗಿ ಹಾಯುತ್ತದೆ, ಆ ಕಿರಿದಾದ ಎರಡು ಕಾಲುಗಳು ಇಕ್ಕಳಕ್ಕೆ ಬಾಗುತ್ತವೆ, ಕಲ್ಲು ಇದ್ದಲ್ಲೇ ಉಳಿಯುತ್ತದೆ, ಮರುದಿನ ಸಂದಿ ಕೂಡಿಸಿ ಮತ್ತೆ ಬೆಸೆಯಬಹುದು.